ಕಿಟ್ಲಿಯೊಳಗೆ ಹೋದ ಮಣ್ಣೆತ್ತು

ವಿಜ್ಞಾನದ ಮಾಸ್ತರನಾದ ನನಗೆ ವಿಜ್ಞಾನ ಬರುತ್ತದೆ ಎಂಬ ನಂಬಿಕೆ ಇಡೀ ಶಲವಡಿಯಲ್ಲಿ ಒಬ್ಬನಿಗೆ ಇತ್ತು. ಆ ಒಬ್ಬ ನಾನೇ.

ಅದು ಎಂಬತ್ತರ ದಶಕ. ತಾಮ್ರದ ಕೊಡಗಳು ಅಟ್ಟ ಸೇರಿ, ಪ್ಲಾಸ್ಟಿಕ್ ಕೊಡಗಳು ಕೆರೆಗೆ ಹೊರಟ ಕಾಲ. ನಮ್ಮ ಹಿತ್ತಲಲ್ಲಿ ಒಡೆದ ಕೊಡ ಮೂರು, ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ಹಾಳೆ ಒಂದು ಗುಡ್ಡೆ ಬಿದ್ದಿದ್ದವು. ಆಗ ಒಂದು ಮಾಸಪತ್ರಿಕೆಯಲ್ಲಿ ಓದಿದೆ: ಪ್ಲಾಸ್ಟಿಕ್ಕನ್ನು ಗಾಳಿಯಾಡದಂತೆ ಮುಚ್ಚಿ, ನಯವಾದ ಒಣ ಜೇಡಿಮಣ್ಣಿನ ಜೊತೆ ಕಾಸಿದರೆ ಸೀಮೆಎಣ್ಣೆಯಂಥ ಎಣ್ಣೆಯಾಗುತ್ತದೆ. ಮಣ್ಣು ಇಲ್ಲಿ ವೇಗವರ್ಧಕ. ಕೆಲಸವನ್ನೆಲ್ಲ ಚುರುಕಾಗಿ ಮಾಡಿಸಿ, ತಾನು ಮಾತ್ರ ಬದಲಾಗದೆ ಹಾಗೇ ಹೊರಬರುತ್ತದೆ. ಈ ಕೊನೆಯ ಮಾತು ನೆನಪಿರಲಿ. ನಾನು ಕೆಟ್ಟದ್ದು ಅದರಿಂದಲೇ.

"ಇನ್ನ ಚಿಮಣಿ ಎಣ್ಣಿಗೆ ಸರದಿ ನಿಲ್ಲೂದು ಬ್ಯಾಡ. ಹಿತ್ತಲದಾಗ ಎಣ್ಣಿ ತಗೀತೀನಿ" ಎಂದೆ ಹೆಂಡತಿ ಗಂಗವ್ವನಿಗೆ.

"ಮೊದಲ ಸ್ಟೋವಿಗೆ ಬತ್ತಿ ಹಾಕಿಕೊಡ್ರಿ. ಹೇಳಿ ತಿಂಗಳಾತು" ಎಂದು ಅವಳು ನೀರಿಗೆ ಹೋದಳು.

ಹಿತ್ತಲಿನ ಬಚ್ಚಲ ಒಲೆಯ ಮೇಲೆ ಹಳೇ ಚಹಾದ ಕಿಟ್ಲಿ ಇಟ್ಟೆ. ಅದರ ಮೂತಿಗೆ ಮುರಿದ ಛತ್ರಿಯ ಕೊಳವೆ ಸಿಕ್ಕಿಸಿ, ಮೇಲೆ ಒದ್ದೆ ಬಟ್ಟೆ ಸುತ್ತಿ, ತುದಿಗೊಂದು ಬಟ್ಟಲು ಹಿಡಿಸಿದೆ. ಮುಚ್ಚಳದ ಸಂದಿಗೆ ಮೆತ್ತಲು ಕಣಕವನ್ನೂ ನಾದಿ ಇಟ್ಟೆ. ಎಲ್ಲ ಸಜ್ಜು. ಮಣ್ಣೊಂದು ಬಾಕಿ. ಆದರೆ ಮಳೆ ಬಿದ್ದು ಹೊರಗೆಲ್ಲ ಎರೆಮಣ್ಣಿನ ಕೆಸರು. ನಯವಾದ ಒಣ ಮಣ್ಣು ಇದ್ದದ್ದು ಒಂದೇ ಕಡೆ, ನಮ್ಮ ದೇವರ ಗೂಡಿನಲ್ಲಿ. ಅದೂ ಎತ್ತಿನ ರೂಪದಲ್ಲಿ.

ಅಂದು ಮಣ್ಣೆತ್ತಿನ ಅಮಾವಾಸ್ಯೆ. ಗಂಗವ್ವ ಕೆರೆಮಣ್ಣನ್ನು ಬಟ್ಟೆಯಲ್ಲಿ ಸೋಸಿ, ನಾದಿ, ನಾಲ್ಕು ದಿನ ಮೊದಲೇ ಒಂದು ಜೋಡಿ ಎತ್ತು ಮಾಡಿ ಒಣಗಿಸಿದ್ದಳು. ಅವು ಬಾಜು ಮನೆಯ ಕಲ್ಲಪ್ಪ ಕಾಕಾನವರಿಗೆ. ಅವರಿಗೆ ಕೈ ನಡುಕ ಬಂದಾಗಿನಿಂದ ಅವರ ಮನೆಯ ಮಣ್ಣೆತ್ತು ಇವಳ ಕೈಯವೇ. ಸಂಜೆ ಅವುಗಳ ಪೂಜೆಯಾಗದೆ ಮರುದಿನ ಬಿತ್ತನೆಗೆ ಹೋಗುವವರಲ್ಲ ಕಾಕಾ. ಆ ಎತ್ತುಗಳ ಬೆನ್ನ ಮೇಲಿನ ಹಿಣಿಲು, ಸೊಕ್ಕಿನ ಕೊರಳು ಕಂಡರೆ ಮುಂದೆ ಒಂದು ಹಿಡಿ ಮೇವು ಹಾಕಬೇಕೆನಿಸುತ್ತಿತ್ತು.

ನಾನು ಕದಿಯಲಿಲ್ಲ, ಕಡ ಪಡೆದೆ. ಹೇಗೂ ಬದಲಾಗದೆ ಬರುತ್ತವಲ್ಲ! ಮೊದಲು ಒಂದರ ಹೊಟ್ಟೆಯಡಿ, ಯಾರಿಗೂ ಕಾಣದ ಕಡೆ, ತುಸುವೇ ಕೆರೆದೆ. ಕಾಲು ಮುರಿಯಿತು. ಮೂರು ಕಾಲಿನ ಎತ್ತು ಯಾರಿಗೆ ಬೇಕು ಎಂದು ಪೂರ್ತಿ ಕುಟ್ಟಿದೆ. ಒಂಟಿ ಎತ್ತಿಗೆ ಯಾರು ಪೂಜೆ ಮಾಡುತ್ತಾರೆ? ಇನ್ನೊಂದನ್ನೂ ಕುಟ್ಟಿದೆ.

ಕೊಡದ ಚೂರು, ಎತ್ತಿನ ಪುಡಿ ತುಂಬಿ, ಮುಚ್ಚಳ ಮೆತ್ತಿ ಒಲೆ ಹೊತ್ತಿಸಿದೆ. ಅರ್ಧ ಗಂಟೆ ಬರೀ ವಾಸನೆ. ಅದು ಓಣಿಯ ಕೊನೆಯವರೆಗೆ ಹೋಗಿ ಜನರನ್ನು ಕರೆತಂದಿತು. ಆಮೇಲೆ ಕೊಳವೆಯ ತುದಿಯಲ್ಲಿ ಒಂದು ಹಳದಿ ಹನಿ. ಮತ್ತೊಂದು. ನನ್ನ ಕಣ್ಣು ತುಂಬಿ ಬಂತು. ಯಾರಿಗೂ ಬೇಡವಾದ ಒಡಕು ಕೊಡ ಎಣ್ಣೆಯಾಗುತ್ತಿತ್ತು! ಅಷ್ಟು ಚೆಂದದ ಹನಿಯನ್ನು ನಾನು ಮತ್ತೆ ನೋಡಿಲ್ಲ.

ಬಟ್ಟಲು ಅರ್ಧ ತುಂಬಿತು. ಹುಮ್ಮಸ್ಸಿನಲ್ಲಿ ಇನ್ನೊಂದು ಹೊರೆ ಹತ್ತಿಕಟ್ಟಿಗೆಯನ್ನು ಒಲೆಗೆ ತುರುಕಿದೆ. ಹನಿ ನಿಂತಿತು. ತಣಿದ ಎಣ್ಣೆ ಮೇಣದಂತೆ ಗಟ್ಟಿಯಾಗಿ ಕೊಳವೆಯನ್ನೇ ಮುಚ್ಚಿಬಿಟ್ಟಿತ್ತು. ಇದು ನನಗೆ ತಿಳಿದದ್ದು ಮುಚ್ಚಳ ಹಾರಿ ಪಕ್ಕದ ಕೊಟ್ಟಿಗೆಯ ತಗಡಿಗೆ ಬಡಿದ ಮೇಲೆ. ಮೊನ್ನೆ ಸುಣ್ಣ ಬಳಿದ ಗೋಡೆ ಶಾಲೆಯ ಕರಿಹಲಗೆಯಾಯಿತು. ವಾಸನೆಗೆ ಎಲ್ಲರೂ ದೂರ ನಿಂತಿದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ.

ಅದೇ ಹೊತ್ತಿಗೆ ಗಂಗವ್ವ ನೀರು ಹೊತ್ತು ಬಂದಳು. ಹಿಂದೆಯೇ ತಾಟು ಹಿಡಿದು ಕಲ್ಲಪ್ಪ ಕಾಕಾ.

"ಎತ್ತು ಒಯ್ಯಾಕ ಬಂದೆವಾ" ಎಂದರು.

ಅವಳು ಒಳಗೆ ಹೋಗಿ ಗೂಡು ನೋಡಿ ಬಂದಳು. "ಎತ್ತೆಲ್ಲಿ ರೀ?"

"ಕಿಟ್ಲ್ಯಾಗ ಅದಾವು. ಚಿಂತಿ ಮಾಡಬ್ಯಾಡ, ಅವು ವೇಗವರ್ಧಕ, ಬದಲಾಗೂದಿಲ್ಲ. ಪುಸ್ತಕದಾಗ ಬರದೈತಿ."

ಇಕ್ಕಳದಲ್ಲಿ ಹಿಡಿದು ಕಿಟ್ಲಿ ಬೋರಲು ಹಾಕಿದೆ. ಕರ್ರಗಿನ ಮುದ್ದೆಯೊಂದು ದೊಪ್ಪನೆ ಬಿತ್ತು. ಕಾಕಾ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು.

"ಮಾಸ್ತರ, ಇದರಾಗ ಎಡಗಡೆ ಎತ್ತು ಯಾವ್ದು, ಬಲಗಡೆದು ಯಾವ್ದ್ರಿ?"

ಓಣಿಯೆಲ್ಲ ನಕ್ಕಿತು. ನಾನು ಅವರ ಕೈಯಲ್ಲಿ ನಡುಗುತ್ತಿದ್ದ ಖಾಲಿ ತಾಟು ನೋಡಿದೆ. ನಿಜವಾಗಿ ನಾಚಿಕೆಯಾಯಿತು.

ಗಂಗವ್ವ ಒಳಗೆ ಹೋದಳು. ಒದ್ದೆ ಬಟ್ಟೆಯಲ್ಲಿ ಉಳಿಸಿಟ್ಟ ಮಣ್ಣು ತಂದು ಕಟ್ಟೆಯ ಮೇಲೆ ಕೂತಳು. ಅಂಗೈಯಲ್ಲಿ ಹೊರಳಿಸಿದಳು, ಚಿವುಟಿದಳು, ಕೊಂಬು ಎಳೆದಳು. ನೋಡನೋಡುತ್ತ ಎರಡು ಎತ್ತು ಅದೇ ಸೊಕ್ಕಿನಿಂದ ತಲೆಯೆತ್ತಿ ನಿಂತವು. ನಾನು ಇಷ್ಟು ಬೆಂಕಿ ಹಾಕಿ ಕೆಡಿಸಿದ್ದನ್ನು ಅವಳ ಹತ್ತು ಬೆರಳು ಸುಮ್ಮನೆ ಕೂತು ಸರಿಮಾಡಿದ್ದವು.

"ಹಸಿ ಅದಾವ್ರಿ ಕಾಕಾ. ಒಣಗಸಾಕ ಹೊತ್ತಿಲ್ಲ."

"ಇರ್ಲಿ ಬಿಡವಾ, ಹೊಲಾನೂ ಹಸೀನ ಐತಿ." ಕಾಕಾ ಹೊರಡುವಾಗ ನನ್ನ ಬಟ್ಟಲಿಗೆ ಬೆರಳದ್ದಿ ತಿಕ್ಕಿ ನೋಡಿದರು. "ಮಾಸ್ತರ, ಗಾಡಿ ಕೀಲಿಗೆ ಅಗದಿ ಚಲೋ ಆಗ್ತೈತಿ ಇದು." ನನ್ನ ಸಂಶೋಧನೆಯನ್ನು ಬಟ್ಟಲ ಸಮೇತ ಒಯ್ದರು.

ಗಂಗವ್ವ ಕರಿಗೋಡೆ ನೋಡಿದಳು. "ಅದೇನೋ ವೇಗವರ್ಧಕ ಅಂದ್ರೆಲ್ಲ, ಏನ್ರಿ ಹಂಗಂದ್ರ?"

"ಬಾಜೂಕ ಇದ್ದದ್ದನ್ನೆಲ್ಲ ಬದಲ ಮಾಡಿ, ತಾನು ಮಾತ್ರ ಹಂಗ ಉಳಿಯೂದು."

"ಕೊಡ ಹೋತು, ಕಿಟ್ಲಿ ಹೋತು, ಎತ್ತು ಹೋದ್ವು, ಗೋಡಿ ಕರ್ರಗಾತು. ಹಂಗ ಉಳದವ್ರು ನೀವೊಬ್ರ ನೋಡ್ರಿ" ಎಂದು ಸುಣ್ಣದ ಡಬ್ಬಿ ನನ್ನ ಕೈಗಿಟ್ಟಳು.

ಎಷ್ಟೋ ವರ್ಷ ಆ ಪಾಠ ಮಾಡಿದೆ. ಇಷ್ಟು ಸರಿಯಾದ ಉದಾಹರಣೆಯನ್ನು ಯಾವ ವಿದ್ಯಾರ್ಥಿಯೂ ಕೊಡಲಿಲ್ಲ. ಅವಳ ಮಾತು ಎಷ್ಟು ಸತ್ಯವೆಂದರೆ, ಆ ಸ್ಟೋವಿಗೆ ನಾನು ಇನ್ನೂ ಬತ್ತಿ ಹಾಕಿಲ್ಲ.