ಗೊರಕೆಗೊಂದು ಡಮ್ಮಿ ಸಾಲು

“ಆರು ತಿಂಗಳಿಂದ ಬರೀ ‘ತನನ ತನನ’ ಕೇಳ್ತಿದೀನಿ ಮೇಷ್ಟ್ರೇ. ನಿಮ್ಮ ಕ್ಲಾಸಿನೋರಿಗೆ ಮಾತು ಬರೋದು ಯಾವಾಗ? ಹುಟ್ಟಿದ ಮಗೂನೂ ಇಷ್ಟೊತ್ತಿಗೆ ‘ಅತ್ತೆ’ ಅಂತ ತೊದಲುತ್ತೆ,” ಎಂದರು ಓನರಮ್ಮ, ಮೆಟ್ಟಿಲಿಗೆ ಅಡ್ಡ ನಿಂತು.

ಹಾಡಿನ ಮೇಷ್ಟ್ರು ಕೀಬೋರ್ಡನ್ನು ಎದೆಗವಚಿಕೊಂಡು ಹಲ್ಲು ಕಿರಿದರು. ಹಾಡು ಬರೆಯೋದು, ರಾಗ ಕಟ್ಟೋದು, ಎರಡನ್ನೂ ಹೊಸಬರಿಗೆ ಕಲಿಸುವುದು ಅವರ ಕಸುಬು. ಆ ಕಸುಬಿಗೆ ಈ ಮಹಡಿ ರೂಮು ಬಿಟ್ಟರೆ ಬೇರೆ ಗತಿಯಿಲ್ಲ. ಶಬ್ದ ಮಾಡುವವರಿಗೆ ರೂಮು ಕೊಡುವ ಪುಣ್ಯಾತ್ಮರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ.

“ಸಾಯಂಕಾಲ ಐದಕ್ಕೆ ಮೇಲೆ ಬರ್ತೀನಿ. ಮಾತಿರೋ ಹಾಡು, ಒಂದೇ ಒಂದು, ನಿಮ್ಮ ಕ್ಲಾಸಲ್ಲೇ ಹುಟ್ಟಿದ್ದು, ಕೇಳಿಸ್ಬೇಕು. ಇಲ್ಲಾಂದ್ರೆ ನಾಳೆ ರೂಮು ಖಾಲಿ.”

ಮಧ್ಯಾಹ್ನ ಎರಡಕ್ಕೆ ಕ್ಲಾಸು ಶುರುವಾಯಿತು. ಕ್ಲಾಸೆಂದರೆ ಇಬ್ಬರು. ಪೈಪು ಬಿಗಿಯುತ್ತಾ ಸಿಳ್ಳೆ ಹಾಕಿ ಹಾಕಿ ಗಂಟಲು ಪಳಗಿಸಿಕೊಂಡ ಪ್ಲಂಬರ್, ಮತ್ತು ಡ್ಯೂಟಿ ಮುಗಿಸಿ ಬಂದು ಪ್ರಾಸ ಹುಡುಕುತ್ತಲೇ ತೂಕಡಿಸುವ ನರ್ಸಮ್ಮ. ಅದೇ ಹೊತ್ತಿಗೆ ಕೆಳಗೆ ಓನರಮ್ಮನ ಮಧ್ಯಾಹ್ನದ ನಿದ್ದೆಯೂ ಶುರುವಾಯಿತು. ಅವರ ಗೊರಕೆ ಖಾಲಿ ಡ್ರಮ್ಮು ಉರುಳಿಸಿದ ಹಾಗೆ ನೆಲ ಕೊರೆದುಕೊಂಡು ಮೇಲೆ ಬಂತು.

“ಲೆಕ್ಕ ಹಾಕಿ ನೋಡಿ ಸಾರ್,” ಎಂದ ಪ್ಲಂಬರ್, “ಗೊರಕೆ ನಾಲ್ಕು ಎಣಿಕೆಗೊಂದು ಸಲ ಬರ್ತಿದೆ. ಒಂದು ಚೂರೂ ತಪ್ಪಲ್ಲ.”

ನಿಜವೇ. ಮೇಷ್ಟ್ರು ಸುಮ್ಮನೆ ಅದರ ತಾಳಕ್ಕೆ ಕೀಬೋರ್ಡಿನ ಮೇಲೆ ಬೆರಳಾಡಿಸಿದರು. ಆರು ತಿಂಗಳು ಕರೆದರೂ ಬಾರದ ರಾಗ ಬೆಕ್ಕಿನ ಮರಿಯ ಹಾಗೆ ತಾನಾಗಿಯೇ ಬಂದು ಮಡಿಲಲ್ಲಿ ಕೂತಿತು.

“ರಾಗ ಸಿಕ್ತು, ಮಾತೆಲ್ಲಿ?” ಎಂದಳು ನರ್ಸಮ್ಮ.

“ಅದಕ್ಕೇ ಡಮ್ಮಿ ಸಾಲು ಅಂತಿದೆ. ನಿಜವಾದ ಮಾತು ಸಿಗೋವರೆಗೆ ಅಳತೆ ತಪ್ಪಬಾರದು ನೋಡಿ, ಬಾಯಿಗೆ ಬಂದದ್ದು ತುಂಬಿಡೋದು. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಆದರೆ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರ್ಬೇಕು. ಹೀಗೆ…” ಎಂದು ಮೇಷ್ಟ್ರು ಕಣ್ಣು ಮುಚ್ಚಿ ಹಾಡಿಯೇಬಿಟ್ಟರು:

“ಗೊರಕೆಯ ರಾಣಿಯೆ ಮಗ್ಗುಲು ಬದಲಿಸು,
ಹೊರಗಿನ ಗೋಡೆಯು ಬಿರಿಯುತಿದೆ!”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹತ್ತು ಸಲ ಹಾಡಿದರು. ಮೂರು ಗಂಟೆಗೆ ಮೇಷ್ಟ್ರು ಬೋರ್ಡಿನ ಮೇಲೆ ನಿಜವಾದ ಮಾತು ಬರೆದರು:

“ಕಿರುನಗೆ ಬೀರುವ ತಿಂಗಳ ಬೆಳಕೇ,
ತೆರೆಯನು ಸರಿಸುತ ಇಳಿಯುತ ಬಾ.”

“ಈಗ ಇದನ್ನ ಹಾಡಿ.”

“ಕಿರುನಗೆ ರಾಣಿಯೆ ಮಗ್ಗುಲು ಬೆಳಕೇ…” ಎಂದಳು ನರ್ಸಮ್ಮ.

“ಮಗ್ಗುಲು ಬಿಡಿ!”

“ಬಿಟ್ಟೆ ಸಾರ್, ಅದೇ ಬಿಡ್ತಿಲ್ಲ.”

ಸೀಟಿಗೆ ಹಾಕಿದ ಟವೆಲ್ ಸೀಟು ಬಿಟ್ಟು ಏಳಲೊಲ್ಲದು! ಮೇಷ್ಟ್ರೇ ಹಾಡಿ ತೋರಿಸಹೋದರೆ ಅವರ ಬಾಯಲ್ಲೂ ಗೋಡೆಯೇ ಬಿರಿಯಿತು. ಅಷ್ಟರಲ್ಲಿ ಎದುರಂಗಡಿಯ ಟೈಲರ್, ಕೊರಳಲ್ಲಿ ಟೇಪು ಜೋಲಾಡಿಸಿಕೊಂಡು ಬಾಗಿಲಲ್ಲಿ ಇಣುಕಿದ. “ಮೇಷ್ಟ್ರೇ, ‘ಹೊರಗಿನ ಗೋಡೆಯು’ ಆದ್ಮೇಲೆ ಏನು? ಮಷೀನ್ ಸದ್ದಿಗೆ ಸರಿಯಾಗಿ ಕೇಳಿಸ್ಲಿಲ್ಲ.”

“ಅಯ್ಯೋ, ಅದು ಹಾಡಲ್ಲ ಮಾರಾಯ! ಮರೆತುಬಿಡು!”

“ಹೇಗೆ ಮರೀಲಿ? ಆಗ್ಲೇ ಮೂರು ಅಂಗಿ ಹೊಲಿದೆ ಅದರ ತಾಳಕ್ಕೆ.”

ಐದು ಗಂಟೆಗೆ ಓನರಮ್ಮ ಬಂದರು. ಮೇಷ್ಟ್ರು ಉಪಾಯ ಮಾಡಿದ್ದರು. ನರ್ಸಮ್ಮ ಬಾಯಿ ಮಾತ್ರ ಆಡಿಸುವುದು, ಪ್ಲಂಬರ್ ಬೋರ್ಡಿನಿಂದ ಕಣ್ಣು ಕೀಳದೆ ಓದಿಕೊಂಡು ಹಾಡುವುದು. ಪ್ಲಂಬರ್ ಎದೆಯುಬ್ಬಿಸಿ ಶುರು ಮಾಡಿದ. “ಕಿರುನಗೆ ಬೀರುವ…” ಮೇಷ್ಟ್ರ ಜೀವ ತಂಪಾಯಿತು. “…ತಿಂಗಳ ಬೆಳಕೇ…” ಇನ್ನೇನು ದಡ ಸೇರಿದ ಹಾಗೆಯೇ. ಆಗ ಬೀದಿಯಿಂದ ಟೈಲರ್ ಮಷೀನಿನ ಲಯಕ್ಕೆ ಸರಿಯಾಗಿ ಎತ್ತಿಕೊಂಡ: “ಗೊರಕೆಯ ರಾಣಿಯೆ!” ಪ್ಲಂಬರ್‌ನ ಕಣ್ಣು ಬೋರ್ಡಿನಲ್ಲೇ ಇತ್ತು, ನಾಲಿಗೆ ಮಾತ್ರ ಟೈಲರ್‌ನ ಹಿಂದೆ ಹೋಯಿತು. ಬಾಯಿ ಆಡಿಸುತ್ತಿದ್ದ ನರ್ಸಮ್ಮನೂ ದನಿ ಸೇರಿಸಿದಳು. ಎರಡೂ ಸಾಲು, ಒಂದಕ್ಷರ ಬಿಡದೆ.

ಓನರಮ್ಮ ಕೈಯೆತ್ತಿ ಹಾಡು ನಿಲ್ಲಿಸಿದರು.

“ಗೊರಕೆಯ ರಾಣಿ ಅಂದ್ರೆ ನಾನು ತಾನೆ?” ಓನರಮ್ಮನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. “ಇದನ್ನ ಬರೆದೋರು ಯಾರು?”

ಮೇಷ್ಟ್ರ ಬೆರಳು ಮೇಷ್ಟ್ರಿಗಿಂತ ಮೊದಲೇ ಎದ್ದಿತ್ತು. “ಇವನಮ್ಮಾ! ಪ್ಲಂಬರ್! ಬೇಡ ಬೇಡ ಅಂತ ಬಡ್ಕೊಂಡೆ, ಕೇಳ್ಲಿಲ್ಲ. ನನಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ.”

ಓನರಮ್ಮ ಪ್ಲಂಬರ್‌ನ ಹತ್ತಿರ ಹೋದರು. ಅವನು ಕೆನ್ನೆಗೆ ಕೈ ಅಡ್ಡ ಹಿಡಿದುಕೊಂಡ. ಅವರು ಆ ಕೈಯನ್ನೇ ಹಿಡಿದುಕೊಂಡರು.

“ನಮ್ಮ ಯಜಮಾನ್ರು ಹೋದ್ಮೇಲೆ ನನ್ನ ಗೊರಕೆಗೆ ಬೈಯೋರೇ ಇರ್ಲಿಲ್ಲ ಕಣಪ್ಪ. ಅವರೂ ದಿನಾ ‘ಮಗ್ಗುಲು ಬದಲಿಸೇ’ ಅಂತಲೇ ಅನ್ನೋರು,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. “ಎಂಥಾ ಹಾಡು ಬರೆದೆ!”

ಮೇಷ್ಟ್ರು ಎರಡು ಹೆಜ್ಜೆ ಮುಂದೆ ಬಂದರು. “ಅಮ್ಮಾ, ಅಸಲಿಗೆ ಅದು… ನಂದೇ.”

“ನಾಚಿಕೆ ಆಗಲ್ವಾ ಮೇಷ್ಟ್ರೇ? ಶಿಷ್ಯನ ಹಾಡು ಕದೀತೀರಾ?”

“ಇಲ್ಲಮ್ಮಾ, ದೇವರಾಣೆ ಮೇಷ್ಟ್ರೇ ಬರೆದದ್ದು,” ಎಂದ ಪ್ಲಂಬರ್.

“ನೋಡಿ, ಎಷ್ಟು ವಿನಯ! ನಾಳೆಯಿಂದ ಈ ರೂಮು ನಿಂದು. ಕ್ಲಾಸು ನೀನೇ ನಡೆಸು.”

“ನಂಗೆ ಪಾಠ ಮಾಡೋಕೆ ಬರಲ್ಲಮ್ಮಾ!”

“ಇವರಿಗೆ ಬರ್ತಿತ್ತಲ್ಲ, ಏನಾಯ್ತು? ನಾಳೆವರೆಗೂ ಯಾಕೆ, ಈಗಲೇ ಶುರು ಮಾಡು. ನಾನೂ ಸೇರ್ಕೋತೀನಿ,” ಎಂದ ಓನರಮ್ಮ ಮೇಷ್ಟ್ರ ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ಮೇಷ್ಟ್ರ ಕಡೆ ತಿರುಗಿ ನೋಡಿ, “ನೀವ್ಯಾಕೆ ನಿಂತಿದ್ದೀರಿ? ಕಲಿಯೋದಿದ್ರೆ ಕೂತ್ಕೊಳ್ಳಿ,” ಎಂದರು.

ನರ್ಸಮ್ಮ ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು.