ಎಲೆ ಕೋಣೆಯ ಬೆವರುವ ಗಾಜು

ಕಿಟಕಿಗೆ ಗಾಜು ಕೂರಿಸುವವನನ್ನು ಮಳೆಗಾಲದಲ್ಲಿ ಯಾರೂ ಬೈಯುವುದಿಲ್ಲ. ಬೈಗುಳವೆಲ್ಲ ಚಳಿಗಾಲಕ್ಕೆ ಮೀಸಲು. ಪ್ರತಿ ವರ್ಷ ಯಾರಾದರೊಬ್ಬರು ಬೆಳಿಗ್ಗೆ ಎದ್ದವರೇ, ನನ್ನ ಗಾಜು ಒಳಗಿನಿಂದ ಸೋರುತ್ತದೆ ಎಂದು ಹುಡುಕಿಕೊಂಡು ಬರುತ್ತಿದ್ದರು. ಅವರಲ್ಲಿ ಮೊದಲಿಗರು ಸವಣೂರಿನ ಒಬ್ಬ ವೀಳ್ಯದೆಲೆ ವ್ಯಾಪಾರಿ.

೧. ಮಳೆಯಿಲ್ಲದ ಸೋರಿಕೆ

ನಮ್ಮ ಸೀಮೆ ಮುಂಬೈ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಆಗ ಕಿಟಕಿ ಎಂದರೆ ಕಟ್ಟಿಗೆಯ ಬಾಗಿಲು. ವ್ಯಾಪಾರಿಯ ಎಲೆ ಕೋಣೆಯಲ್ಲಿ ಅದನ್ನು ತೆಗೆದರೆ ಗಾಳಿಗೆ ಎಲೆ ಬಾಡುತ್ತಿತ್ತು. ಮುಚ್ಚಿದರೆ ಕತ್ತಲಲ್ಲಿ ಚಿಗುರೆಲೆ ಯಾವುದು, ಕೊಳೆತದ್ದು ಯಾವುದು ತಿಳಿಯುತ್ತಿರಲಿಲ್ಲ. ನಾನು ಗಾಜು ಹಾಕಿಕೊಟ್ಟೆ. ಇರುವೆ ನುಸುಳಲೂ ಸಂದು ಬಿಟ್ಟಿರಲಿಲ್ಲ.

ಶಿಗ್ಗಾಂವಿಯಲ್ಲಿ ಅವರ ಬೀಗರು, ಅವರೂ ಎಲೆ ವ್ಯಾಪಾರಿಗಳೇ, ಹೊಸ ಮನೆ ಕಟ್ಟಿಸುತ್ತಿದ್ದರು. ಈ ಗಾಜು ನೋಡಿ ಮನಸ್ಸಿಗೆ ಬಂದರೆ ಅಲ್ಲಿನ ಕಿಟಕಿಗಳೆಲ್ಲ ನನಗೆ. ಬರದಿದ್ದರೆ ನಾನು ಮತ್ತೆ ಹಳೆಯ ಬಡಗಿ ಕೆಲಸಕ್ಕೆ ಮರಳಿ, ರೈತರ ರಂಟೆ ಕುಂಟೆ ಕೆತ್ತುತ್ತ ಕೂರಬೇಕು.

ಚಳಿ ಬಿದ್ದಿದ್ದೇ ತಡ, ವ್ಯಾಪಾರಿ ಕರೆಸಿದರು.

“ನಿನ್ನ ಗಾಜು ಸೋರಾಕತ್ತೈತಿ.”

“ಮಳಿ ಎಲ್ಲಿ ಆಗೈತ್ರಿ?”

“ಅದನ್ನ ನಾನೂ ಕೇಳಾಕತ್ತೇನಿ. ಮಳಿ ಇಲ್ಲದಾಗ ಇಷ್ಟು ಸೋರಿದ್ರ, ಬಂದಾಗ ಏನ್ ಗತಿ?”

ಚಾಕ್ ಪುಡಿಗೆ ಅಗಸೆ ಎಣ್ಣೆ ಕಲಸಿ, ಗಾಜಿನ ಸುತ್ತ ಇನ್ನೊಂದು ಸಲ ಮೆತ್ತಿ, ಇನ್ನು ಚಿಂತೆ ಬೇಡ ಎಂದು ಎದೆ ತಟ್ಟಿ ಬಂದೆ. ಮರುದಿನ ಇನ್ನೂ ಜಾಸ್ತಿ ಸೋರಿತು.

೨. ಕಂಬಳಿ ಉಪಚಾರ

ವ್ಯಾಪಾರಿಯ ತಾಯಿ ಗಾಜನ್ನು ಮುಟ್ಟಿ ನೋಡಿದರು.

“ಮೈ ತಣ್ಣಗೈತಿ, ಬೆವರು ಕಿತ್ತೈತಿ. ಇದು ಸೋರೂದಲ್ಲೋ, ಜ್ವರ ಬಿಡಾಕತ್ತೈತಿ.”

ನಾನು ನಕ್ಕೆ. ಅವರು ನೋಡಿದ ನೋಟಕ್ಕೆ ನಗು ನುಂಗಿಕೊಂಡೆ. ಅಂದು ಸಂಜೆ ಅವರು ಕೋಣೆಯ ಒಳಗಿನಿಂದ ಗಾಜಿಗೆ ದಪ್ಪ ಕಂಬಳಿ ಹೊದಿಸಿದರು. ಬೆಳಿಗ್ಗೆ ಸರಿಸಿದರೆ ಗಾಜಿನ ಮೇಲಿಂದ ನೀರು ದಳದಳ ಇಳಿಯುತ್ತಿದೆ. ನಾನು ಸಂದು ಹುಡುಕುತ್ತ ಚೌಕಟ್ಟನ್ನೆಲ್ಲ ತಡಕಿದೆ. ಅವರಿಗೆ ಮಾತ್ರ ಸಮಾಧಾನ.

“ನೋಡಿದಿ? ಜ್ವರ ಪೂರ್ತಿ ಬಿಡ್ತು.”

೩. ಅನ್ನದ ಮುಚ್ಚಳ

“ನಾಳೆ ನೋಡಾಕ ಶಿಗ್ಗಾಂವಿ ಬೀಗರು ಬರ್ತಾರ. ಗಾಜು ಎಲ್ಲಿಂದ ಸೋರತೈತೋ ತಿಳೀವಲ್ದು” ಎಂದು ಮನೆಯಲ್ಲಿ ತಲೆ ಹಿಡಿದು ಕೂತೆ. ಹೆಂಡತಿ ಅನ್ನದ ಮುಚ್ಚಳ ಎತ್ತಿದಳು. ಅದರ ಒಳಗಿಂದ ನೀರು ತೊಟ್ಟಿಕ್ಕಿತು.

“ಹಂಗಾರ ಈ ಮುಚ್ಚಳಾ ಎಲ್ಲಿಂದ ಸೋರಾಕತ್ತೈತಿ?”

ಆಗ ಹೊಳೆಯಿತು. ಎಲೆ ಬುಟ್ಟಿಗಳಿಗೆ ಒದ್ದೆ ಗೋಣಿತಟ್ಟು ಹೊದಿಸಿ, ಸಂಜೆ ನೀರು ಚಿಮುಕಿಸಿ, ಕೋಣೆಯ ಬಾಗಿಲು ಮುಚ್ಚುವುದು ಅವರ ಪದ್ಧತಿ. ಆ ತೇವವೆಲ್ಲ ಗಾಳಿಗೆ ಸೇರಿ, ಚಳಿಗೆ ತಣ್ಣಗಾದ ಗಾಜಿಗೆ ತಾಗಿ ನೀರಾಗುತ್ತಿತ್ತು. ನಾನು ಸಂದು ಮುಚ್ಚಿದಷ್ಟೂ ತೇವಕ್ಕೆ ಹೊರಗೆ ಹೋಗಲು ದಾರಿ ಕಡಿಮೆಯಾಗುತ್ತಿತ್ತು. ನನ್ನ ಗಾಜು ನಿರಪರಾಧಿ ಎಂದು ತಿಳಿದು ಕಣ್ಣು ತುಂಬಿ ಬಂತು.

“ಉಂಡು ಹೋಗ್ರಿ” ಎಂದು ಅವಳು ಕೂಗುವಷ್ಟರಲ್ಲಿ, ಮುಚ್ಚಳ ಕೈಯಲ್ಲಿ ಹಿಡಿದೇ ವ್ಯಾಪಾರಿಯ ಮನೆಗೆ ಓಡಿದ್ದೆ.

೪. ಖಾತ್ರಿಯ ಮಾಲು

ಆ ರಾತ್ರಿಯೇ ನಾನೂ ವ್ಯಾಪಾರಿಯೂ ಬುಟ್ಟಿಗಳನ್ನೆಲ್ಲ ಪಡಸಾಲೆಗೆ ಸಾಗಿಸಿ ಕೋಣೆಯ ಬಾಗಿಲು ತೆಗೆದಿಟ್ಟೆವು. ಮರುದಿನ ಶಿಗ್ಗಾಂವಿಯ ಬೀಗರು ಬಂದಾಗ ಗಾಜು ಫಳಫಳ ಹೊಳೆಯುತ್ತಿತ್ತು. ಅವರು ಬೆರಳಿನಿಂದ ಒಳಗೂ ಹೊರಗೂ ಸವರಿ ನೋಡಿದರು. ಮುಖ ಸಪ್ಪಗಾಯಿತು.

“ನೀರು ಎಲ್ಲಿ?”

“ಒಂದು ಹನಿ ಇಲ್ರಿ.”

“ಹಂಗಾರ ಬ್ಯಾಡ ಬಿಡು.”

ನಾನು ಗಾಜನ್ನು ಇನ್ನೊಮ್ಮೆ ಒರೆಸಿ ತೋರಿಸಿದೆ.

“ಮಳಿ ಇಲ್ಲದ ನೀರು ಕೊಡೂ ಗಾಜು ಐತಂತ ಕೇಳಿ ಬಂದೇನಿ. ದಿನಾ ಎಲಿಗೆ ನೀರು ಹೊಡದು ನನ್ನ ರಟ್ಟಿ ಬಿದ್ದು ಹೋಗ್ಯಾವ. ಒಣಾ ಗಾಜು ತಗೊಂಡು ಏನ್ ಮಾಡ್ಲಿ?”

ಅನ್ನ, ಮುಚ್ಚಳ, ತೇವ, ಚಳಿ ಎಲ್ಲ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿದರು.

“ಅದೆಲ್ಲಾ ಖರೇ. ಸೋರತೈತೋ ಇಲ್ಲೋ, ಅಷ್ಟು ಹೇಳು.”

ಬೇರೆ ದಾರಿ ಉಳಿಯಲಿಲ್ಲ. ಬುಟ್ಟಿಗಳನ್ನು ಮತ್ತೆ ಒಳಗಿಟ್ಟು, ನೀರು ಹೊಡೆದು, ಬಾಗಿಲು ಹಾಕಿ, ಬೀಗರನ್ನು ಅಂದು ಅಲ್ಲೇ ಉಳಿಸಿಕೊಂಡೆವು. ಬೆಳಿಗ್ಗೆ ಸೋರುವ ಗಾಜು ಕಂಡು ಅವರು ಎರಡೂ ಕೈಯಿಂದ ನೀರು ಸವರಿ ಕಣ್ಣಿಗೆ ಒತ್ತಿಕೊಂಡರು.

“ನಮ್ಮ ಮನಿ ಎಲ್ಲಾ ಕಿಡಕಿಗೂ ಇದನ್ನ ಹಾಕು. ಆದ್ರ ಅಲ್ಲಿ ಸೋರದಿದ್ರ?”

“ಸೋರದಿದ್ರ ವಾಪಸ್ ತಗೋತೇನ್ರಿ” ಎಂದೆ. “ನೀವು ಮಾತ್ರ ದಿನಾ ಎಲಿಗೆ ನೀರು ಹೊಡಿಯೂದು ಬಿಡಬ್ಯಾಡ್ರಿ.”

“ಅಷ್ಟ ಅಲ್ಲೇನೋ” ಎಂದು ಬೀಗರು ಸಂತೋಷದಿಂದ ಒಪ್ಪಿದರು.