ಅತ್ತೆಯ ಮೊದಲ ನಾಲ್ಕು ನಿಮಿಷ

ನಮ್ಮ ಅತ್ತೆ ಈ ಹದಿನೈದು ವರ್ಷದಲ್ಲಿ ಕಡಿಮೆಯೆಂದರೂ ನಾನೂರು ಸಿನಿಮಾ ನೋಡಿದ್ದಾರೆ. ಅವುಗಳಲ್ಲಿ ಒಂದರ ಕಥೆಯೂ ಅವರಿಗೆ ಗೊತ್ತಿಲ್ಲ. ಸುಳ್ಳು ಅನ್ನಿಸಿದರೆ ಬಸವನಗುಡಿಗೆ ಹೋಗಿ ನಮ್ಮ ಮಾವನನ್ನು ಕೇಳಿ. ಅವರು ಬೆಳಗ್ಗೆ ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುತ್ತಾ ಸಿಗುತ್ತಾರೆ. ಸಿನಿಮಾ ಅಂದ ತಕ್ಷಣ ಮುಖ ಬಾಡಿಸಿಕೊಂಡರೆ ಅವರೇ ನಮ್ಮ ಮಾವ ಅಂತ ತಿಳಿಯಿರಿ.

ಅತ್ತೆ ಅಂದರೆ ನನ್ನ ತಂದೆಯ ಅಕ್ಕ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ನಿವೃತ್ತರಾದ ವರ್ಷ ಜೊತೆಯ ಟೀಚರುಗಳೆಲ್ಲ ಕಾಶಿ ಯಾತ್ರೆಗೆ ಹೊರಟರೆ ಇವರು ಮೂರು ದಿನದ ಸಿನಿಮಾ ರಸಗ್ರಹಣ ಶಿಬಿರಕ್ಕೆ ಹೆಸರು ಕೊಟ್ಟರು. ಮೊದಲ ದಿನದ ಪಾಠ, ಸಿನಿಮಾದ ಆರಂಭದ ದೃಶ್ಯದಲ್ಲಿ ಕ್ಯಾಮೆರಾ, ಎಡಿಟಿಂಗ್ ಮತ್ತು ಸೌಂಡು ಏನು ಕೆಲಸ ಮಾಡುತ್ತವೆ ಎಂಬುದು. ಅತ್ತೆ ಎರಡು ನೋಟ್‌ಬುಕ್ ತುಂಬಿಸಿಕೊಂಡು ಬಂದರು. ಆ ರಾತ್ರಿಯೇ ಜ್ವರ ಬಂತು. ಎರಡನೆಯ ಮತ್ತು ಮೂರನೆಯ ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಹೀಗಾಗಿ ಸಿನಿಮಾಕ್ಕೆ ಮಧ್ಯಭಾಗ, ಕೊನೆ ಅಂತ ಇರುತ್ತವೆ ಎಂಬುದು ಅವರ ಸಿಲಬಸ್ಸಿನಲ್ಲೇ ಬರಲಿಲ್ಲ. ಸರ್ಟಿಫಿಕೇಟು ಮಾತ್ರ ಪೂರ್ತಿಯಾಗಿಯೇ ಬಂತು. ಅದಕ್ಕೆ ಲ್ಯಾಮಿನೇಷನ್ ಮಾಡಿಸಿ ದೇವರ ಪಟಗಳ ಪಕ್ಕದಲ್ಲೇ ತೂಗುಹಾಕಿದರು.

ಅವರ ಪದ್ಧತಿ ಹೀಗಿತ್ತು. ಯಾವುದೇ ಸಿನಿಮಾದ ಮೊದಲ ದೃಶ್ಯವನ್ನು ಮೂರು ಸಲ ನೋಡಬೇಕು. ಮೊದಲ ಸಲ ಟಿವಿಯ ಸದ್ದು ಪೂರ್ತಿ ನಿಲ್ಲಿಸಿ ಕಣ್ಣಿನಲ್ಲಿ ಮಾತ್ರ. ಅದು ಕ್ಯಾಮೆರಾ ಪಾಠ. ಎರಡನೆಯ ಸಲ ಟಿವಿಯ ಮೇಲೆ ಹಳೆಯ ಸೀರೆ ಹೊದಿಸಿ ಕಿವಿಯಲ್ಲಿ ಮಾತ್ರ. ಅದು ಸೌಂಡಿನ ಪಾಠ. ಮೂರನೆಯದು ಎಡಿಟಿಂಗ್. ಒಂದು ಶಾಟ್ ಮುಗಿದು ಇನ್ನೊಂದಕ್ಕೆ ಹಾರಿದಾಗಲೆಲ್ಲ ಕೈಯಲ್ಲಿರುವ ಹುಣಸೆ ಬೀಜವೊಂದನ್ನು ಸ್ಟೀಲ್ ಬಟ್ಟಲಿಗೆ ಹಾಕಬೇಕು. ಟಣ್. ಕೊನೆಗೆ ಬೀಜ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದು ಟಿವಿ ಆರಿಸಿಬಿಡುವುದು. ಮುಂದಿನ ಎರಡೂವರೆ ಗಂಟೆಯ ಸಿನಿಮಾ? ಅದು ಏನಾದರೂ ಆಗಲಿ, ಅತ್ತೆಗೆ ಸಂಬಂಧವಿಲ್ಲ.

ಒಮ್ಮೆ ಒಂದು ಸಿನಿಮಾ ಕೊಲೆಯಿಂದಲೇ ಆರಂಭವಾಯಿತು. ಆ ಕೊಲೆಯನ್ನು ಮನೆಯವರೆಲ್ಲ ಒಂದು ವಾರದಲ್ಲಿ ಹನ್ನೊಂದು ಸಲ ನೋಡಿದೆವು. ಮಾವ ನನ್ನನ್ನು ಹಿತ್ತಲಿಗೆ ಕರೆದು ಗುಟ್ಟಾಗಿ ಕೇಳಿದರು.

"ನೀನು ಪೂರ್ತಿ ನೋಡಿದೀಯೇನೋ? ಕೊಂದಿದ್ದು ಯಾರೋ?"

"ಇಲ್ಲ ಮಾವ, ನಾನೂ ನಿಮ್ ಜೊತೇನೇ ನೋಡಿದ್ದು."

"ಹನ್ನೊಂದು ಸಲ ಸತ್ತ ಕಣೋ ಅವನು. ಯಾರು ಕೊಂದ್ರು ಅಂತ ತಿಳ್ಕೊಳ್ಳೋ ಹಕ್ಕು ನಮಗಿಲ್ವಾ?"

ಅತ್ತೆಗೆ ಒಳಗಿನಿಂದಲೇ ಇದು ಕೇಳಿಸಿತು. ಆಗ ಅವರ ಕಿವಿ ಅಷ್ಟು ಚುರುಕಾಗಿತ್ತು. "ಯಾರು ಕೊಂದ್ರೆ ಏನ್ರೀ? ಅವನು ಒಳಗೆ ಬರೋ ಮುಂಚೆ ಬಾಗಿಲ ಚಿಲಕ ಸದ್ದು ಮಾಡ್ತಲ್ಲ, ಅದನ್ನ ಕೇಳಿಸ್ಕೊಂಡ್ರಾ?" ಎಂದರು. ಮಾವ ಹೂವಿನ ಗಿಡಕ್ಕೆ ನೀರು ಹಾಕಲು ಶುರುಮಾಡಿದರು. ಆ ಕೊಲೆಗಾರ ಇವತ್ತಿಗೂ ನಮಗೆ ಸಿಕ್ಕಿಲ್ಲ.

ಅತ್ತೆಯನ್ನು ಚಿತ್ರಮಂದಿರಕ್ಕೆ ಕರೆದುಕೊಂಡು ಹೋಗುವ ತಪ್ಪನ್ನು ನಾನು ಒಂದೇ ಸಲ ಮಾಡಿದ್ದು. ಬಾಗಿಲಲ್ಲಿ ಚೀಲ ತಪಾಸಣೆ ಮಾಡುವ ಹೆಂಗಸು ಬಟ್ಟಲನ್ನು ಹೊರಗೆ ತೆಗೆದಳು.

"ಏನಮ್ಮ ಇದು?"

"ಹುಣಸೆ ಬೀಜ."

"ಹೊರಗಿನ ತಿಂಡಿ ಒಳಗೆ ಬಿಡಲ್ಲಮ್ಮ."

"ತಿನ್ನೋಕಲ್ಲಮ್ಮ, ಕಟ್ ಎಣಿಸೋಕೆ."

ಆಕೆ ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿನ ಪೋಸ್ಟರ್ ನೋಡುತ್ತಾ ನಿಂತೆ. ಅಂತೂ ಒಳಗೆ ಬಿಟ್ಟಳು. ಆ ಸಿನಿಮಾ ಹೊಡೆದಾಟದಿಂದ ಶುರುವಾಗಬೇಕೆ? ಟಣ್ ಟಣ್ ಟಣ್ ಎಂದು ಬಟ್ಟಲು ಬಡಿದುಕೊಳ್ಳತೊಡಗಿತು. ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ನಾಯಕ ಐದನೆಯವನನ್ನು ಎತ್ತಿ ಎಸೆಯುವಷ್ಟರಲ್ಲಿ ಬೀಜಗಳೇ ಮುಗಿದುಹೋದವು. "ಇದು ಎಡಿಟಿಂಗ್ ಅಲ್ಲ ಕಣೋ, ಈರುಳ್ಳಿ ಹೆಚ್ಚೋದು" ಎಂದು ಅತ್ತೆ ಎದ್ದೇಬಿಟ್ಟರು. ಹೊರಗೆ ಬಂದು ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದುಕೊಂಡು ಕೇಳಿದರು. "ಶುರುವಿನಲ್ಲಿ ಹಿಂದೆ ಎಲ್ಲೋ ಒಂದು ರೈಲು ಹೋಯ್ತಾ? ಇತ್ತಾ ಆ ಸದ್ದು?" ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡೆ. "ಇತ್ತು ಟೀಚರ್, ಹಾಜರ್ ಹಾಕಿ" ಎಂದು ತಮಾಷೆ ಮಾಡಿದೆ. ಅವರು ನಗಲಿಲ್ಲ.

ಈಗ ನನ್ನ ಕಸುಬಿನ ವಿಷಯ ಹೇಳಲೇಬೇಕು. ನಾನು ಚಾಮರಾಜಪೇಟೆಯಲ್ಲಿ ಮದುವೆ ವಿಡಿಯೋಗಳನ್ನು ಎಡಿಟ್ ಮಾಡುವವನು. ಒಂದು ಸಣ್ಣ ಕೋಣೆ, ಎರಡು ಕಂಪ್ಯೂಟರ್, ಬಾಗಿಲ ಮೇಲೆ ನನ್ನ ಹೆಸರಿನ ಬೋರ್ಡು. ಅತ್ತೆಯ ಹುಚ್ಚನ್ನು ಕಂಡು ನಕ್ಕವರಲ್ಲಿ ಮೊದಲಿಗ ನಾನೇ. ಆದರೆ ಈ ಕಸುಬಿಗೆ ನಾನು ಬಂದದ್ದು ಆ ಬಟ್ಟಲಿನಿಂದಲೇ ಎಂಬುದನ್ನು ಯಾರಿಗೂ ಹೇಳಿರಲಿಲ್ಲ. ಅತ್ತೆಗಂತೂ ಹೇಳಲೇ ಇಲ್ಲ.

ಒಂದು ದಿನ ವಿಶ್ವೇಶ್ವರಪುರದ ಗಿರಾಕಿಯೊಬ್ಬರು ಮಗಳ ಮದುವೆಯ ವಿಡಿಯೋ ನೋಡಲು ಬಂದಿದ್ದರು. ಅದೇ ಹೊತ್ತಿಗೆ ಅತ್ತೆ ಹುರಿಗಾಳಿನ ಪೊಟ್ಟಣ ಕೊಡಲು ಬಂದವರು ಹಿಂದಿನ ಸ್ಟೂಲಿನ ಮೇಲೆ ಕೂತುಬಿಟ್ಟರು. ನಾನು ವಿಡಿಯೋ ಹಾಕಿದೆ. ಡ್ರೋನ್ ಕ್ಯಾಮೆರಾ ಕಲ್ಯಾಣಮಂಟಪದ ಮೇಲೆ ಏರಿತು, ಸೂರ್ಯ ಹುಟ್ಟಿದ, ಗುಲಾಬಿ ಅರಳಿತು, ಚಿನ್ನದ ಅಕ್ಷರದಲ್ಲಿ ಹೆಸರುಗಳು ಬಂದವು, ಹಿಂದೆ ಹಾಡು. ಗಿರಾಕಿ ತಲೆದೂಗುತ್ತಿದ್ದರು.

"ಇದನ್ನೆಲ್ಲ ನೋಡ್ತಿರೋದು ಯಾರು? ಹದ್ದಾ?" ಎಂದಿತು ಹಿಂದಿನಿಂದ ಧ್ವನಿ.

"ಅತ್ತೆ..."

"ಅಲ್ಲ ಕಣೋ, ಹುಡುಗಿ ಅಮ್ಮ ಎಲ್ಲಿ? ಛತ್ರದಲ್ಲಿ ಬೆಳಗ್ಗೆ ಪಾತ್ರೆ ಸದ್ದು, ಓಲಗದವರು ಶ್ರುತಿ ಮಾಡ್ಕೊಳ್ಳೋದು, ಯಾರೋ ಯಾರನ್ನೋ ಕೂಗೋದು, ಅದೆಲ್ಲಾನೂ ಹಾಡಿನ ಕೆಳಗೆ ಹೂತುಹಾಕಿದೀಯಲ್ಲ. ಸೀರೆ ಹೊದ್ಸಿ ಕೇಳಿದ್ರೆ ಇದು ಯಾರ ಮದುವೆ ಅಂತ ಗೊತ್ತಾಗತ್ತಾ?"

ಗಿರಾಕಿ ತಲೆದೂಗುವುದನ್ನು ನಿಲ್ಲಿಸಿದರು. "ಅಮ್ಮ ಹೇಳೋದು ಸರಿ ಇದೆ ರೀ. ಇನ್ನೊಂದ್ಸಲ ಮಾಡಿ" ಎಂದು ಎದ್ದುಹೋದರು.

ಅವರು ಹೋದ ಮೇಲೆ ನಾನು ಹೇಳಬಾರದ್ದನ್ನು ಹೇಳಿದೆ. "ಅತ್ತೆ, ನೀವು ಸ್ಕೂಲು ಬಿಟ್ಟು ಎಷ್ಟೋ ವರ್ಷ ಆಯ್ತು. ನಾನು ನಿಮ್ ಸ್ಟೂಡೆಂಟ್ ಅಲ್ಲ. ಒಂದು ದಿನದ ಪಾಠ ಕೇಳಿ ಜೀವಮಾನವೆಲ್ಲ ಎಲ್ಲರ ತಲೆ ತಿಂದಿದ್ದು ಸಾಕು." ಅತ್ತೆ ಹುರಿಗಾಳಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಚೀಲ ಎತ್ತಿಕೊಂಡು ಹೋದರು. ವಿಡಿಯೋವನ್ನು ನಾನು ಮತ್ತೆ ಮಾಡಿದೆ. ಅದು ತಾಯಿ ಆರತಿ ತಟ್ಟೆ ಒರೆಸುವ ಸದ್ದಿನಿಂದ ಆರಂಭವಾಗುತ್ತದೆ. ನನ್ನ ಕೆಲಸದಲ್ಲಿ ಇವತ್ತಿಗೂ ಎಲ್ಲರೂ ಹೊಗಳುವುದು ಅದೊಂದನ್ನೇ. ಅದನ್ನೂ ಅತ್ತೆಗೆ ತೋರಿಸಲಿಲ್ಲ. ಅವರ ಫೋನು ಬಂದರೆ ಕೆಲಸವಿದೆ ಅಂದುಕೊಂಡು ಎತ್ತುತ್ತಿರಲಿಲ್ಲ. ಸೀಸನ್ ಇಲ್ಲದ ತಿಂಗಳಲ್ಲಿ ಎಂಥ ಕೆಲಸ?

ಹೀಗೆ ನಾಲ್ಕು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ವಾಟ್ಸ್ಯಾಪಿನಲ್ಲಿ ಅತ್ತೆಯಿಂದ ಒಂದು ವಿಡಿಯೋ ಬಂತು. ಕೆಳಗೆ ಬರೆದಿದ್ದರು: "ನಾನೇ ತೆಗೆದದ್ದು. ನಾಲ್ಕು ನಿಮಿಷ ಇದೆ. ಸೌಂಡ್ ಸರಿಯಾಗಿ ಬಂದಿದೆಯಾ, ಅದೊಂದು ಹೇಳು." ನಾನು ಆಗ ಊಟಕ್ಕೆ ಕೂತಿದ್ದೆ. ಇವರಿಗೆ ಈಗ ಸಿನಿಮಾ ತೆಗೆಯುವ ಹುಚ್ಚೂ ಹಿಡಿಯಿತು ಅಂದುಕೊಂಡು, ವಿಡಿಯೋ ತೆರೆಯದೆ ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಫೋನು ಮಗುಚಿಟ್ಟೆ. ಎಡಗೈಯಲ್ಲೇ ಕಳಿಸಿದೆ. ಬಲಗೈಯಲ್ಲಿ ಸಾರನ್ನವಿತ್ತು.

ಕಳೆದ ತಿಂಗಳು ಮಾವನ ಫೋನು ಬಂತು. ಎಂದೂ ಫೋನು ಮಾಡದವರು.

"ನಿಮ್ಮತ್ತೆಗೆ ಈಗ ಪೂರ್ತಿ ಕೇಳಿಸ್ತಿಲ್ಲ ಕಣೋ. ಎಡಗಿವಿ ಹೋಗಿ ಬಹಳ ಕಾಲ ಆಗಿತ್ತು. ಬಲಗಿವೀನೂ ಹೋಗತ್ತೆ ಅಂತ ಡಾಕ್ಟ್ರು ಮುಂಚೇನೇ ಹೇಳಿದ್ರು. ಕಿವಿಗೆ ಮಷೀನ್ ಹಾಕಿದ್ರೂ ಪ್ರಯೋಜನ ಇಲ್ವಂತೆ. ಯಾರಿಗೂ ಹೇಳ್ಬೇಡಿ ಅಂದಿದ್ಲು."

"ಯಾವಾಗ ಹೇಳಿದ್ರು ಮಾವ ಡಾಕ್ಟ್ರು?"

"ಆಯ್ತಲ್ಲ ಎರಡು ವರ್ಷ. ಅದಕ್ಕೇ ಅಲ್ವಾ ಆಮೇಲೆ ಮನೆ ಸದ್ದನ್ನೆಲ್ಲ ಫೋನಲ್ಲಿ ಹಿಡ್ಕೊಳ್ಳೋಕೆ ಹೊರಟಿದ್ದು."

ನಾನು ಸ್ಟುಡಿಯೋದ ಬಾಗಿಲು ಹಾಕಿ ಕೂತೆ. ಮೆಟ್ಟಿಲ ಮೇಲೆ ಅವರು ಕೇಳಿದ ರೈಲು ನೆನಪಾಯಿತು. ಅದು ಪರೀಕ್ಷೆಯಾಗಿರಲಿಲ್ಲ. ಅವರಿಗೆ ನಿಜವಾಗಿ ಗೊತ್ತಾಗಿರಲಿಲ್ಲ, ಅದಕ್ಕೆ ಕೇಳಿದ್ದರು. ಹಳೆಯ ಮೆಸೇಜುಗಳನ್ನು ಹುಡುಕಿ ಆ ವಿಡಿಯೋ ತೆರೆದೆ. ಅವರ ಪದ್ಧತಿಯಂತೆಯೇ ಮೊದಲು ಸದ್ದು ನಿಲ್ಲಿಸಿ ನೋಡಿದೆ. ಅತ್ತೆಯ ಮನೆಯ ಗೇಟು. ಗೇಟಿನ ಸರಳುಗಳ ನೆರಳು ಅಂಗಳದ ಮೇಲೆ ಬಿದ್ದಿದೆ. ಹೂವಿನವಳು ಬಂದು ಬುಟ್ಟಿ ಇಳಿಸುತ್ತಾಳೆ. ಮಾವ ಕೆಮ್ಮುತ್ತಾ ಹೊರಗೆ ಬಂದು ಹೂವು ತೆಗೆದುಕೊಂಡು ಒಳಗೆ ತಿರುಗುತ್ತಾರೆ. ಕ್ಯಾಮೆರಾ ಅಲ್ಲಾಡದೆ ಅವರ ಹಿಂದೆಯೇ ಒಳಗೆ ನಡೆದು, ಅಡುಗೆಮನೆಯ ಕುಕ್ಕರಿನ ಮುಂದೆ ನಿಲ್ಲುತ್ತದೆ. ಎಷ್ಟು ಚೆನ್ನಾಗಿ ತೆಗೆದಿದ್ದರು! ನನ್ನ ಕೆಲಸದ ಹುಡುಗರು ಯಾರೂ ಹಾಗೆ ತೆಗೆಯಲಾರರು. ಇಡೀ ನಾಲ್ಕು ನಿಮಿಷ ಒಂದೇ ಶಾಟ್. ಒಂದು ಬೀಜವೂ ಬೇಕಿರಲಿಲ್ಲ.

ಆಮೇಲೆ ಕಣ್ಣು ಮುಚ್ಚಿಕೊಂಡು ಕೇಳಿದೆ. ಗೇಟಿಲ್ಲ, ಹೂವಿನವಳಿಲ್ಲ, ಕುಕ್ಕರಿಲ್ಲ. ಬರೀ ಗರಗರ. ಫೋನನ್ನು ಅಡ್ಡಲಾಗಿ ಹಿಡಿಯಬೇಕೆಂದು ಎಲ್ಲರಿಗೂ ಪಾಠ ಹೇಳುತ್ತಿದ್ದವರು ಅವರು. ತಾವೂ ಹಾಗೇ ಹಿಡಿದಿದ್ದರು. ಹಿಡಿದ ಹೆಬ್ಬೆರಳು ಸರಿಯಾಗಿ ಮೈಕಿನ ಮೇಲೆ ಕೂತಿತ್ತು. ನಾನು ಆವತ್ತು ಅರ್ಧ ನಿಮಿಷ ಕೇಳಿದ್ದರೂ ಗೊತ್ತಾಗುತ್ತಿತ್ತು. ಅಷ್ಟು ಸಣ್ಣ ತಪ್ಪು. ಅದನ್ನು ಹೇಳುವುದೇ ನನ್ನ ಕಸುಬು.

ಮರುದಿನ ಬೆಳಗ್ಗೆ ಬಸವನಗುಡಿಗೆ ಹೋದೆ. ಮಾವ ಗಾಂಧಿ ಬಜಾರಿಗೆ ಹೋಗಿದ್ದರು. ಅತ್ತೆ ಸೋಫಾದ ಮೇಲೆ ಕೂತು ಟಿವಿಯಲ್ಲಿ ಒಂದು ಸಿನಿಮಾ ನೋಡುತ್ತಿದ್ದರು. ಅದರ ಮಧ್ಯಭಾಗ! ನನ್ನನ್ನು ಕಂಡು, "ಈಗ ಎಲ್ಲಾ ಸೀನೂ ಒಂದೇ ಕಣೋ, ಮೂರರಲ್ಲಿ ಒಂದು ಪಾಠ ಕಮ್ಮಿ ಆಯ್ತಲ್ಲ, ಟೈಮ್ ಉಳಿಯತ್ತೆ" ಎಂದು ನಕ್ಕರು. ಪಕ್ಕದಲ್ಲಿ ಒಂದು ಸ್ಲೇಟು, ಬಳಪ. ನಾನು ಫೋನಿನಲ್ಲಿ ಅವರ ವಿಡಿಯೋ ತೆರೆದು ತೋರಿಸಿದೆ. ಅವರ ಮುಖ ಅರಳಿತು.

"ನೋಡಿದ್ಯಾ? ಪೂರ್ತಿ?"

ತಲೆಯಾಡಿಸಿದೆ.

"ಸೌಂಡ್ ಸರಿ ಇತ್ತಾ?"

ಹೌದೆಂದು ತಲೆಯಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಆದರೆ ಇನ್ನೊಂದು ಸುಳ್ಳು ಹೆಬ್ಬೆರಳು ಎತ್ತಲು ಕೈ ಬರಲಿಲ್ಲ. ಸ್ಲೇಟು ತೆಗೆದುಕೊಂಡು ಬರೆದೆ: "ಇಲ್ಲ ಅತ್ತೆ. ನಿಮ್ಮ ಬೆರಳು ಮೈಕಿಗೆ ಅಡ್ಡ ಬಂದಿತ್ತು. ಏನೂ ಕೇಳಿಸಲ್ಲ."

ಅತ್ತೆ ಅದನ್ನು ಎರಡು ಸಲ ಓದಿದರು. ತಮ್ಮ ಬಲಗೈ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡರು.

"ಆವತ್ತೇ ಹೇಳಿದ್ದಿದ್ರೆ ಇನ್ನೊಂದ್ಸಲ ತೆಗೀತಿದ್ದೆ. ಆಗ ಕಿವಿ ಇನ್ನೂ ಚೂರು ಇತ್ತು." ಬೈಗುಳವಿಲ್ಲದ ಧ್ವನಿಯಲ್ಲಿ ಹೇಳಿದರು. "ನಾಲ್ಕು ನಿಮಿಷದ ಸೀನಿಗೆ ಇಪ್ಪತ್ತು ಸೆಕೆಂಡಿಗೇ ಉತ್ತರ ಬಂತು. ನೋಡಿಲ್ಲ ಅಂತ ಗೊತ್ತಾಯ್ತು. ಆಮೇಲೆ ನೋಡ್ತಾನೆ, ಇನ್ನೊಂದು ಮೆಸೇಜ್ ಬರತ್ತೆ ಅಂತ ಇದ್ದೆ."

ಎಷ್ಟು ದಿನ ಕಾದಿರಿ ಅಂತ ಕೇಳುವ ಧೈರ್ಯ ನನಗಾಗಲಿಲ್ಲ. ಸ್ಲೇಟು ಒರೆಸಿ "ತಪ್ಪಾಯ್ತು ಅತ್ತೆ" ಎಂದು ಬರೆದೆ. ಬರೆಯುವಾಗ ಅಕ್ಷರ ಸರಿಯಾಗಿ ಕಾಣಿಸುತ್ತಿರಲಿಲ್ಲ. ಅವರು ಸ್ಲೇಟನ್ನು ಕಿತ್ತುಕೊಂಡು ಪಕ್ಕಕ್ಕಿಟ್ಟರು. ಸ್ಕೂಲಿನಲ್ಲಿ ಅಳುವ ಮಕ್ಕಳಿಗೆಲ್ಲ ಹಾಗೇ ಮಾಡುತ್ತಿದ್ದರೋ ಏನೋ, ಕೂಡಲೇ ಕೆಲಸಕ್ಕೆ ಹಚ್ಚಿದರು. ತಮ್ಮ ಫೋನು ತಂದು ಅಡ್ಡಲಾಗಿ ಹಿಡಿದು ನಿಂತರು.

"ಬೆರಳು ಎಲ್ಲಿ ಇಡ್ಬೇಕು, ತೋರ್ಸು."

ನಾನು ಅವರ ಹೆಬ್ಬೆರಳನ್ನು ಹಿಡಿದು ಒಂದಿಷ್ಟು ಮೇಲಕ್ಕೆ ಸರಿಸಿದೆ. ನನಗೆ ಎಡಿಟಿಂಗಿನ ಮೊದಲ ಬೀಜ ಹಿಡಿಸಿದ ಬೆರಳು ಅದು.

"ಈಗ ಹೋಗಿ ಗೇಟು ತೆಗೆದು ಬಾ. ನಿಧಾನಕ್ಕೆ ತೆಗಿ. ಕೇಳ್ಸತ್ತಾ ಇಲ್ವಾ ನಂಗೆ ಹೇಳ್ಬೇಕು, ನಿಜ ಹೇಳ್ಬೇಕು."

ನಾನು ಅಂಗಳಕ್ಕಿಳಿದು ಗೇಟಿನವರೆಗೆ ಹೋಗಿ ತಿರುಗಿ ನೋಡಿದೆ. ಅತ್ತೆ ಬಾಗಿಲಲ್ಲಿ ನಿಂತು, ಒಂದು ಕಣ್ಣು ಫೋನಿನ ಮೇಲೆ, ಇನ್ನೊಂದು ನನ್ನ ಮುಖದ ಮೇಲೆ ಇಟ್ಟಿದ್ದರು. ಗೇಟನ್ನು ತಳ್ಳಿದೆ. ನಾನು ಹುಟ್ಟಿದಾಗಿನಿಂದ ಕೇಳುತ್ತಿದ್ದ ಅದೇ ಕಿರುಗುಟ್ಟುವ ಸದ್ದು, ಉದ್ದಕ್ಕೆ, ಪೂರ್ತಿಯಾಗಿ ಬಂತು. ಅದನ್ನು ಕೇಳಿಸಿಕೊಂಡವನು ಅಲ್ಲಿ ನಾನೊಬ್ಬನೇ.